ಬೆಣ್ಣೆ ಗುರ್ ಅನ್ನುವುದನ್ನು ಬಿಟ್ಟಿತು

ಮಾರ್ಚ್ 2, ಸೋಮವಾರ. ಮಧ್ಯಾಹ್ನ, ಅಂಗಡಿಯಲ್ಲಿ

ಬೆಳಿಗ್ಗೆಯಿಂದ ಬರೀ ಕಿವಿಗಳು. ಹಿಯರಿಂಗ್ ಏಡ್ ಅಂಗಡಿಯಲ್ಲಿ ಇನ್ನೇನು ಸಿಗುತ್ತದೆ! ಒಬ್ಬ ತಾತನ ಕಿವಿಗೆ ಯಂತ್ರ ಸರಿಯಾಗಿ ಕೂರಲೆಂದು ಗುಲಾಬಿ ಪೇಸ್ಟ್ ತುಂಬಿ ಅಚ್ಚು ತೆಗೆಯುತ್ತಿದ್ದೆ. ಗಟ್ಟಿಯಾಗುವವರೆಗೆ ನಗಬೇಡಿ ಎಂದೆ. ಹಾಗೆಂದದ್ದಕ್ಕೇ ನಕ್ಕುಬಿಟ್ಟರು. ಮತ್ತೆ ಮೊದಲಿಂದ.

ಬರೆಯಲು ಕೂತದ್ದು ಅದಕ್ಕಲ್ಲ. ಬೆಳಿಗ್ಗೆ ನಮ್ಮ ನಾಯಿ ಬೆಣ್ಣೆ ಗುರ್ ಅಂದಿತು. ಮಗಳು ಮೆಣಸಿನ ಮೇಲೆ.

ಮೆಣಸು ಸ್ಕೂಲಿಗೆ ಹೊರಡುವ ಮುಂಚೆ ಎಂದಿನ ಹಾಗೆ ಅದರ ಕುತ್ತಿಗೆ ತಬ್ಬಿ ಕಿವಿಗೆ ಮುತ್ತು ಕೊಟ್ಟಳು. ಬೆಣ್ಣೆಯ ಗಂಟಲಲ್ಲಿ ಸದ್ದು... ದೂರದಲ್ಲೆಲ್ಲೋ ಲಾರಿ ಸ್ಟಾರ್ಟ್ ಆದ ಹಾಗೆ. ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಜಾರಿತು. ಮಗುವನ್ನು ಎಳೆದುಕೊಂಡೆ. ಬೆಣ್ಣೆ ತಲೆ ತಗ್ಗಿಸಿ ಟೇಬಲ್ಲಿನ ಕೆಳಗೆ ಹೋಯಿತು.

ಕಾಕರ್ ಸ್ಪೇನಿಯಲ್ ಗುರ್ ಅನ್ನುತ್ತದೆಂದು ಯಾರೂ ಹೇಳಿರಲಿಲ್ಲ. ಮೆಣಸು ಸ್ಕೂಲಿಗೆ ಹೋಗುವುದಿಲ್ಲ ಎಂದು ದಿನವೂ ಅಳುತ್ತಿದ್ದಾಗ, ಜೊತೆಗೊಂದು ಜೀವ ಇರಲಿ ಎಂದು ಇವರೇ ಊರೆಲ್ಲ ವಿಚಾರಿಸಿ ತಂದದ್ದು. ತೊಡೆಯ ಮೇಲೆ ಹಿಡಿಸುವಷ್ಟು ದೊಡ್ಡದು, ಬೆಣ್ಣೆ ಬಣ್ಣ, ರೇಷ್ಮೆಯಂಥ ಜೋಲು ಕಿವಿ. ಮಕ್ಕಳಿರುವ ಮನೆಗೆ ಇದಕ್ಕಿಂತ ಸಾಧು ಇನ್ನೊಂದಿಲ್ಲ ಎಂದಿದ್ದರು ಮಾರಿದವರು. ಕಣ್ಣು ನೋಡಿ ನಾನೂ ಸೋತಿದ್ದೆ.

ಇವರಿಗೆ ಹೇಳಲೋ ಬೇಡವೋ.

ಮಾರ್ಚ್ 4, ಬುಧವಾರ

ಇವರಿಗೆ ಹೇಳಬಾರದಿತ್ತೇನೋ. ಹೇಳಿದೆ.

"ಒಂದು ಸಲ ಬಿಟ್ರೆ ತಲೆ ಮೇಲೆ ಕೂರುತ್ತೆ," ಅಂದರು. ಹಳೆಯ ಬಿಸ್ಕೆಟ್ ಡಬ್ಬಿಗೆ ಜಲ್ಲಿಕಲ್ಲು ತುಂಬಿ ಮುಚ್ಚಳ ಬಿಗಿದರು. ಗುರ್ ಅಂದ ಕ್ಷಣ ಡಬ್ಬಿ ಅಲ್ಲಾಡಿಸುವುದು, ಗಟ್ಟಿಯಾಗಿ "ಶ್!" ಅನ್ನುವುದು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರಲ್ಲವೇ, ಕಲಿಸಿದರೆ ಎಲ್ಲರೂ ಕಲಿಯುತ್ತಾರೆಂದು ನಂಬಿಕೆ. ಕಲಿಸುವ ಕಾರಿನಲ್ಲಿ ಇವರು ಕೂರುವ ಕಡೆಯೂ ಒಂದು ಬ್ರೇಕ್ ಇದೆ. ಮನೆಯಲ್ಲೂ ಬ್ರೇಕ್ ಇರುವುದು ಇವರ ಕಡೆಗೇ.

ಮೊದಲ ಸಲ ಡಬ್ಬಿ ಸದ್ದಾದಾಗ ಬೆಣ್ಣೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ನಾನೂ ಬೆಚ್ಚಿಬಿದ್ದೆ. ಮೆಣಸು ಕಿವಿ ಮುಚ್ಚಿಕೊಂಡಳು.

"ನೋಡಿದ್ಯಾ? ಕೈ ಎತ್ತಲಿಲ್ಲ, ಹೊಡೀಲಿಲ್ಲ," ಅಂದರು. ಅದು ನಿಜವೇ. ಇವರು ಯಾರಿಗೂ ಕೈ ಎತ್ತಿದವರಲ್ಲ.

ಮಾರ್ಚ್ 8, ಭಾನುವಾರ

ಪಾರ್ಕಿನಲ್ಲಿ ಕಾಕರ್ ಸಾಕಿದವರದೇ ಒಂದು ಗುಂಪು. ಬೆಂಚು ಹಿಡಿದರೆ ಏಳುವುದಿಲ್ಲ. ಇವತ್ತು ಧೈರ್ಯ ಮಾಡಿ ಕೇಳಿದೆ, ಇಷ್ಟು ನಾಯಿಗಳಿರುವಾಗ ಇದನ್ನೇ ಯಾಕೆ ಆರಿಸಿಕೊಂಡಿರಿ ಎಂದು. ನನ್ನ ಭಯಕ್ಕೆ ಯಾರಾದರೂ ಸಮಾಧಾನ ಹೇಳಲಿ ಎಂಬ ಆಸೆ.

ರಿಟೈರ್ ಆದ ಪೋಸ್ಟ್‌ಮ್ಯಾನ್: "ಜೀವಮಾನವೆಲ್ಲ ನಾಯಿಗಳು ಅಟ್ಟಿಸಿಕೊಂಡು ಬಂದ್ವಮ್ಮ. ನನ್ನ ಕಂಡು ಬಾಲ ಅಲ್ಲಾಡಿಸೋದು ಒಂದಾದ್ರೂ ಇರ್ಲಿ ಅಂತ."

ಮೆಡಿಕಲ್ ಸ್ಟೋರಿನಾಕೆ: "ಆ ಕಣ್ಣಿಗೆ. ನಮ್ಮನೆಯವರು ಒಂದೇ ಒಂದು ದಿನ ನನ್ನ ಹಂಗೆ ನೋಡಿದ್ದಿದ್ರೆ ನಾಯಿ ಯಾಕೆ ಬೇಕಿತ್ತು?"

ಎಲ್ಲರೂ ನಕ್ಕರು. ಹಿಂದೆಯೇ ಸುತ್ತುತ್ತದೆ, ಬೈದರೂ ಮರೆತು ಬರುತ್ತದೆ, ಫ್ಲ್ಯಾಟಿಗೆ ಒಗ್ಗುತ್ತದೆ, ಬಂದ ನೆಂಟರ ಕಾಲು ನೆಕ್ಕುತ್ತದೆ... ಒಬ್ಬೊಬ್ಬರದು ಒಂದೊಂದು.

ಇವರ ಸರದಿ ಬಂತು. "ಎದುರು ಮಾತಾಡಲ್ಲ, ಅದಕ್ಕೆ," ಅಂದರು. ಅದಕ್ಕೇ ಹೆಚ್ಚು ನಗು ಬಿದ್ದದ್ದು.

ನಾನೂ ನಕ್ಕೆ. ಆಮೇಲೆ ಯಾಕೋ ಅತ್ತೆಯವರು ನನ್ನನ್ನು ನೋಡಲು ಬಂದ ದಿನ ನೆನಪಾಯಿತು. "ಹುಡುಗಿ ಮೆತ್ತಗಿದ್ದಾಳೆ, ಹೊಂದ್ಕೊಂಡು ಹೋಗ್ತಾಳೆ" ಎಂದು ಅಮ್ಮನ ಹತ್ತಿರ ಹೇಳಿದ್ದರು. ಅಮ್ಮನಿಗೆ ಎಷ್ಟು ಖುಷಿಯಾಗಿತ್ತು.

ಬೆಣ್ಣೆ ಬೆಂಚಿನ ಕಾಲಿಗೆ ತಲೆ ಉಜ್ಜುತ್ತಲೇ ಇತ್ತು. ತುರಿಕೆ ಇರಬೇಕು.

ಮಾರ್ಚ್ 15, ಭಾನುವಾರ. ಸಂಜೆ

ಗುರ್ ನಿಂತಿದೆ. ಪೂರ್ತಿ.

ಮೆಣಸು ತಬ್ಬಿದರೆ ಕಲ್ಲಿನ ಹಾಗೆ ಕೂತಿರುತ್ತದೆ. ಕಿವಿ ಎಳೆದರೂ ಸದ್ದಿಲ್ಲ. ಇವರು ಫೋನಿನಲ್ಲಿ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ನನಗೂ ನಿರಾಳವಾಯಿತು, ಸುಳ್ಳು ಯಾಕೆ ಹೇಳಲಿ.

ಊಟದ ಹೊತ್ತಿಗೆ ಒಂದು ಮಾತು ಬಂತು. ರಜೆಯಲ್ಲಿ ಅಮ್ಮನ ಮನೆಗೆ ಹೋಗಿ ಬರಲೇ ಎಂದು ಕೇಳಿದೆ. ಬೇಡ ಅಂದರು. "ಅಲ್ಲರೀ..." ಎಂದು ಶುರು ಮಾಡಿದ್ದೆ ಅಷ್ಟೇ. ಪಕ್ಕದಲ್ಲಿದ್ದ ಡಬ್ಬಿ ಎತ್ತಿ ಝಲ್ಲೆನ್ನಿಸಿದರು. "ಶ್!"

ತಮಾಷೆಗೆ. ಮೆಣಸು ನಕ್ಕಳು, ನಾನು ನಕ್ಕೆ, ಇವರಿಗಂತೂ ಕಣ್ಣಲ್ಲಿ ನೀರು ಬರುವಷ್ಟು ನಗು. ಆದರೆ ನನ್ನ ಮಾತು ಅಲ್ಲಿಗೇ ನಿಂತದ್ದೂ ನಿಜ. ಬೆಣ್ಣೆ ಟೇಬಲ್ಲಿನ ಕೆಳಗೆ ನನ್ನ ಪಾದದ ಮೇಲೆ ಮಲಗಿ ನಡುಗುತ್ತಿತ್ತು. ನಡುಕ ಯಾರದೋ... ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ.

ಏಪ್ರಿಲ್ 6, ಸೋಮವಾರ



ನಿನ್ನೆ ಬೆಣ್ಣೆ ಮೆಣಸಿಗೆ ಕಚ್ಚಿತು.

ಅವಳು ನೆಲದ ಮೇಲೆ ಮಲಗಿ ಚಿತ್ರ ಬಿಡಿಸುತ್ತಿದ್ದಳು. ಬೆಣ್ಣೆ ಪಕ್ಕದಲ್ಲಿ. ಅವಳು ಹೊರಳಿ ಅದರ ಕಿವಿಯ ಮೇಲೆ ತಲೆಯಿಟ್ಟಳು. ನಾನು ಎದುರಿಗೇ ಬಟ್ಟೆ ಮಡಚುತ್ತಿದ್ದೆ. ನೋಡುತ್ತಲೇ ಇದ್ದೆ. ಒಂದು ಸದ್ದಿಲ್ಲ, ಹಲ್ಲು ತೋರಿಸಲಿಲ್ಲ. ಸುಮ್ಮನಿದ್ದದ್ದು ಮರುಕ್ಷಣ ಅವಳ ಮುಂಗೈ ಹಿಡಿದಿತ್ತು. ಬಿಟ್ಟಿತು. ತಾನೇ ಹೆದರಿ ಗೋಡೆಗೆ ಅಂಟಿ ನಿಂತಿತು. ಮುಖ ಅಷ್ಟು ಹತ್ತಿರವಿತ್ತು. ಮುಖವಾಗಿದ್ದರೆ? ಕಣ್ಣಾಗಿದ್ದರೆ?

ಆಸ್ಪತ್ರೆ, ಹೊಲಿಗೆ, ಇಂಜೆಕ್ಷನ್. ಇವರು ಕಾರಿನಲ್ಲಿ ಅತ್ತುಬಿಟ್ಟರು. ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು. ಮೆಣಸು ಅಳಲಿಲ್ಲ. ಹೊಲಿಗೆ ಹಾಕಿದ ನರ್ಸ್, "ಎಷ್ಟು ಜಾಣೆ, ಕುಂಯ್ ಅನ್ನಲಿಲ್ಲ," ಅಂದರು.

ಈ ಜಾತಿಯಲ್ಲಿ ಕೆಲವಕ್ಕೆ ಇದ್ದಕ್ಕಿದ್ದಂತೆ ಹುಚ್ಚು ಕೋಪ ಬರುತ್ತದಂತೆ, ಇವರು ಎಲ್ಲೋ ಓದಿದ್ದಾರೆ. "ಕಾರಣನೇ ಇಲ್ಲ, ರಕ್ತದಲ್ಲಿ ಬಂದಿರೋದು. ಶನಿವಾರ ಕರ್ಕೊಂಡು ಹೋಗ್ತೀನಿ. ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡೋಣ."

ಆಗಲಿ ಎಂದು ತಲೆ ಆಡಿಸಿದೆ. ಬೆಣ್ಣೆಯನ್ನು ಬಾಲ್ಕನಿಯಲ್ಲಿ ಕೂಡಿಹಾಕಿದ್ದೇವೆ. ಗಾಜಿನ ಆಚೆಯಿಂದ ನೋಡುತ್ತದೆ. ನಾನು ಸೋತಿದ್ದ ಅದೇ ಕಣ್ಣು. ಈಗ ಪರದೆ ಎಳೆದಿದ್ದೇನೆ.

ಏಪ್ರಿಲ್ 8, ಬುಧವಾರ. ಬೆಳಿಗ್ಗೆ

ಇವರು ಕ್ಲಾಸಿಗೆ ಹೋದ ಮೇಲೆ ಅನ್ನದ ಬಟ್ಟಲು ಇಡಲು ಬಾಲ್ಕನಿಗೆ ಹೋದೆ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಪೊರಕೆ. ಕಚ್ಚಿದರೆ ಇರಲಿ ಎಂದು.

ಬಾಗಿದಾಗ ವಾಸನೆ ಬಂತು. ಹುಳಿ ಹುಳಿ, ಮುಗ್ಗಲು. ನನಗೆ ಚೆನ್ನಾಗಿ ಗೊತ್ತಿರುವ ವಾಸನೆ. ಅಂಗಡಿಗೆ ಬರುವವರ ಕಿವಿಯಲ್ಲಿ ಇದು ಬಂದರೆ ಅಚ್ಚು ತೆಗೆಯುವುದಿಲ್ಲ, ಮೊದಲು ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸುತ್ತೇನೆ.

ದಿನವಿಡೀ ಜನರ ಕಿವಿಗೆ ಟಾರ್ಚ್ ಬಿಡುವವಳು. ಮನೆಯಲ್ಲಿರುವ ಕಿವಿಯನ್ನು ನೋಡಿಲ್ಲ. ಮೇಲಿಂದ ಬಾಚುತ್ತಿದ್ದೆ, ರಿಬ್ಬನ್ ಕಟ್ಟುತ್ತಿದ್ದೆ. ಎಷ್ಟು ಚೆಂದ ಕಿವಿ ಎಂದು ಮೆಚ್ಚುತ್ತಿದ್ದೆ. ಎತ್ತಿ ನೋಡಲಿಲ್ಲ.

ಪೊರಕೆ ಕೆಳಗಿಟ್ಟೆ. ಬ್ಯಾಗಿನಿಂದ ಟಾರ್ಚ್ ತಂದೆ. ಕೈ ಹೋಗದು. ಬೆರಳು ಅದರ ಬಾಯಿಯಿಂದ ಒಂದು ಗೇಣು. ಎತ್ತಿದೆ. ಒಳಗೆಲ್ಲ ಕೆಂಪು, ಊದಿ ದಾರಿಯೇ ಮುಚ್ಚಿದೆ, ಕಂದು ಕೀವು. ಆ ಕಿವಿಗೇ ಮುತ್ತು, ಆ ಕಿವಿಯ ಮೇಲೇ ತಲೆ.

ಬೆಣ್ಣೆ ಮೈಯೆಲ್ಲ ನಡುಗಿತು. ಕಣ್ಣಿನ ಬಿಳಿ ಕಂಡಿತು. ತುಟಿ ಅದುರಿತು. ಆದರೆ ಸದ್ದಿಲ್ಲ. ಬಾಯಿ ಇತ್ತು, ನೋವಿತ್ತು, ಸದ್ದು ಮಾತ್ರ ಇರಲಿಲ್ಲ. ಕಚ್ಚಿದ ದಿನಕ್ಕಿಂತ ಹೆಚ್ಚು ನಾನು ಹೆದರಿದ್ದು ಈಗ.

ಅದೇ ದಿನ, ಮಧ್ಯಾಹ್ನ

ರಜೆ ಹಾಕಿ, ಇವರಿಗೆ ಹೇಳದೆ ನಾಯಿ ಡಾಕ್ಟರ ಹತ್ತಿರ ಹೋದೆ. ಹೆಂಗಸು, ಮಾತು ಕಡಿಮೆ. ಎರಡೂ ಕಿವಿ ನೋಡಿದರು. ಬಾಯಿಗೆ ಪಟ್ಟಿ ಕಟ್ಟಿಸಿ ತೊಳೆದರು.

"ತಿಂಗಳ ಮೇಲೆ ಆಗಿರತ್ತೆ. ಮುಟ್ಟಿದ್ರೆ ಗುರ್ ಅಂತಿರ್ಲಿಲ್ವಾ?"

"ಅಂತಿತ್ತು. ನಾವು... ಬಿಡಿಸಿದ್ವಿ."

"ಹೇಗೆ?"

ಡಬ್ಬಿಯ ವಿಷಯ ಹೇಳಿದೆ. ಅವರು ಗ್ಲೌಸ್ ತೆಗೆದು ಕೂತರು.

"ಗುರ್ ಅನ್ನೋದು ಜಗಳ ಅಲ್ಲಮ್ಮ, ಕೇಳ್ಕೊಳ್ಳೋದು. ನೋವಾಗ್ತಿದೆ, ದೂರ ಹೋಗಿ ಅಂತ. ಕೇಳ್ಕೊಂಡಾಗೆಲ್ಲ ನೀವು ಹೆದರಿಸಿದ್ರಿ. ನೋವು ಹೋಗ್ಲಿಲ್ಲ, ಕೇಳೋದು ಹೋಯ್ತು. ಇನ್ನು ಅದಕ್ಕೆ ಉಳಿದಿರೋದು ಹಲ್ಲು ಒಂದೇ."

"ವಾಸಿಯಾದ್ರೆ ಮತ್ತೆ ಮೊದಲಿನ ಹಾಗೆ ಆಗತ್ತಾ?"

"ಕಿವಿ ವಾಸಿಯಾಗತ್ತೆ. ಗುರ್ ವಾಪಸ್ ಬರತ್ತೋ ಇಲ್ವೋ ಹೇಳಕ್ಕಾಗಲ್ಲ. ಅಲ್ಲಿವರೆಗೂ ಮಗು ಒಂದು ಕಡೆ, ಇದು ಒಂದು ಕಡೆ. ಗುರ್ ಅಂದ ದಿನ ಖುಷಿಪಡಿ."

ಏಪ್ರಿಲ್ 9, ಗುರುವಾರ

ಹೇಳಿದೆ. ಕಿವಿ, ಕೀವು, ಡಾಕ್ಟರು, ಎಲ್ಲ. ಇವರು ಪೂರ್ತಿ ಕೇಳಿದರು. ಟಿವಿಯನ್ನೂ ಆಫ್ ಮಾಡಿದರು. ಆಮೇಲೆ, "ಅಂದ್ರೆ ನಂದೇ ತಪ್ಪು ಅಂತೀಯ?"

"ಹಾಗಲ್ಲರೀ..."

"ಮಗಳ ಕೈ ನೋಡು, ಆಮೇಲೆ ನಾಯಿ ಕಿವಿ ನೋಡು. ಶನಿವಾರ ಹತ್ತು ಗಂಟೆಗೆ ಹೇಳಿಟ್ಟಿದ್ದೀನಿ. ಮುಗೀತು."

ಮುಗಿಯಿತು. ತಲೆ ಆಡಿಸಿದೆ. ಹಿಯರಿಂಗ್ ಟೆಸ್ಟಿನಲ್ಲಿ ಕೆಲವರು ಬೀಪ್ ಕೇಳಿಸದಿದ್ದರೂ ಕೇಳಿಸಿತೆಂದು ಬಟನ್ ಒತ್ತುತ್ತಾರೆ, ಎದುರಿಗಿರುವವರಿಗೆ ಬೇಜಾರಾಗಬಾರದೆಂದು. ನಾನೂ ವರ್ಷಗಟ್ಟಲೆ ಹಾಗೆ ಒತ್ತಿದ್ದೇನೆ.

ಇವರು ಕೆಟ್ಟವರಲ್ಲ. ಮಗಳ ಮೇಲೆ ಪ್ರಾಣ. ನನಗೆ ಅದೇ ಭಯ.

ಏಪ್ರಿಲ್ 10, ಶುಕ್ರವಾರ. ಸಂಜೆ, ಆಸ್ಪತ್ರೆಯಿಂದ ಬಂದ ಮೇಲೆ

ಟೀಚರ್ ಫೋನ್ ಮಾಡಿದ್ದರು. ಮಗು ಪೆನ್ಸಿಲ್ ಹಿಡಿಯುತ್ತಿಲ್ಲ, ಮೈ ಬಿಸಿ ಇದೆ, ಕರೆದುಕೊಂಡು ಹೋಗಿ.

ಬ್ಯಾಂಡೇಜ್ ಬಿಗಿದು ಬೆರಳೆಲ್ಲ ಊದಿಕೊಂಡಿದ್ದವು, ನೀಲಿಗಟ್ಟಿದ್ದವು. ಕೆಳಗೆ ಕೀವು. ಇನ್ನೊಂದು ದಿನ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಲಿಲ್ಲ. ಇವತ್ತು ಬೆಳಿಗ್ಗೆ ನಾನೇ ತಲೆ ಬಾಚಿದ್ದೆ, ನಾನೇ ಇನ್ನೊಂದು ಕೈ ಹಿಡಿದು ಬಸ್ ಹತ್ತಿಸಿದ್ದೆ. ಕುಂಯ್ ಅಂದಿರಲಿಲ್ಲ.

"ಯಾಕೆ ಚಿನ್ನ ಹೇಳ್ಲಿಲ್ಲ? ಅಷ್ಟು ನೋಯ್ತಿತ್ತಲ್ಲ?"

ಕಟ್ಟಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಡಬ್ಬಿ ಅಲ್ಲಾಡಿಸ್ತಾರೆ."

"ಅದು ಬೆಣ್ಣೆಗೆ ಅಲ್ವಾ ಕಂದ?"

"ನಿಂಗೂ ಅಲ್ಲಾಡಿಸಿದ್ರಲ್ಲ."

ಹುಟ್ಟಿದಾಗ ಊರೇ ಎದ್ದು ಕೂರುವ ಹಾಗೆ ಅತ್ತಿದ್ದಳು. ಅದಕ್ಕೇ ಮೆಣಸು ಎಂದು ಹೆಸರಾದದ್ದು. ಅವಳು ಯಾವತ್ತಿನಿಂದ ಇಷ್ಟು ಮೆತ್ತಗಾದಳು? ನಾನು ಯಾಕೆ ಜಾಣೆ ಅಂದುಕೊಂಡೆ?

ಇವರು ಬಂದರು, ಮಗಳ ಕೈ ನೋಡಿದರು, ಬಿಳಿಚಿಕೊಂಡರು. "ಎಲ್ಲಾ ಆ ನಾಯಿಯಿಂದ," ಅಂದರು. ಅವಳು ಹೇಳಿದ ಮಾತನ್ನು ನಾನು ಇವರಿಗೆ ಹೇಳಲಿಲ್ಲ. ಬಾಯಿ ಬರಲಿಲ್ಲ. ನೋಡು, ಈಗಲೂ.

ಏಪ್ರಿಲ್ 11, ಶನಿವಾರ. ಬೆಳಿಗ್ಗೆ, ರೂಮಿನಲ್ಲಿ, ಚಿಲಕ ಹಾಕಿ

ಇವರು ಸ್ನಾನಕ್ಕೆ ಹೋಗಿದ್ದಾರೆ. ಕಾರಿನ ಕೀ, ಬೆಣ್ಣೆಯ ಬೆಲ್ಟ್, ಎರಡೂ ಟೇಬಲ್ಲಿನ ಮೇಲೆ. ಡಬ್ಬಿ ನನ್ನ ತೊಡೆಯ ಮೇಲಿದೆ. ಯಾಕೆ ಎತ್ತಿಕೊಂಡು ಬಂದೆನೋ. ಅಲ್ಲಾಡದೆ ಕೂತರೂ ಒಳಗಿನ ಕಲ್ಲು ಕಿಣಿ ಕಿಣಿ ಅನ್ನುತ್ತದೆ.

ಏನು ಹೇಳಬೇಕೆಂದು ಇಲ್ಲಿ ಬರೆದು ನೋಡುತ್ತೇನೆ. ನಾಯಿ ಎಲ್ಲಿಗೂ ಹೋಗುವುದಿಲ್ಲ. ಔಷಧಿ ಹಾಕುವವಳು ನಾನು. ಮೆಣಸನ್ನೂ ಅದನ್ನೂ ದೂರ ಇಡುವವಳು ನಾನು. ಮನೆಯಲ್ಲಿ ಇನ್ನು ಡಬ್ಬಿ ಇರುವುದಿಲ್ಲ.

ಬರೆಯಲು ಎಷ್ಟು ಸುಲಭ.

ನೀರಿನ ಸದ್ದು ನಿಂತಿತು. ಚಪ್ಪಲಿ. ಬಾಲ್ಕನಿಯ ಬಾಗಿಲು ಜರುಗಿದ ಸದ್ದು.

ಅಯ್ಯೋ... ಗುರ್ ಅಂತು. ಬೆಣ್ಣೆ. ಹೌದು. ಸಣ್ಣಗೆ, ಲಾರಿ ಸ್ಟಾರ್ಟ್ ಆದ ಹಾಗೆ. ಮತ್ತೆ ಅಂತು. ಭಯಕ್ಕೆ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರೂ ಬಂತು. ಬಂತಲ್ಲ ಧ್ವನಿ.

"ಡಬ್ಬಿ ಎಲ್ಲಿ? ಏಯ್, ಡಬ್ಬಿ ಎಲ್ಲಿಟ್ಟಿದ್ದೀಯಾ?" ಇವರು ಹಾಲಿನಲ್ಲಿ ಹುಡುಕುತ್ತಿದ್ದಾರೆ. ಡ್ರಾಯರ್ ಎಳೆಯುತ್ತಿದ್ದಾರೆ. "ಮೆಣಸು, ಡಬ್ಬಿ ನೋಡಿದ್ಯಾ?"

ಆಮೇಲೆ ನನ್ನ ಮಗಳು. ಸ್ಪಷ್ಟವಾಗಿ:

"ಎಲ್ಲಿದೆ ಅಂತ ಗೊತ್ತು. ಹೇಳಲ್ಲ."

ಹೆಜ್ಜೆ ನಿಂತಿತು. ಮನೆಯಲ್ಲಿ ಬೆಣ್ಣೆಯ ಗುರ್ ಒಂದೇ. ಮೆಣಸು ಒಬ್ಬಳೇ ನಿಂತಿದ್ದಾಳೆ ಅಲ್ಲಿ, ಕಟ್ಟು ಹಾಕಿದ ಕೈಯಲ್ಲಿ. ಹೋಗಬೇಕು. ಹೆದರಿಕೆ ಆಗುತ್ತಿದೆ, ಆದರೂ. ಡಬ್ಬಿ ಹಿಡಿದುಕೊಂಡೇ ಹೋಗುತ್ತೇನೆ, "ನನ್ನ ಹತ್ತಿರ ಇದೆ, ಕೊಡಲ್ಲ" ಅಂತ ನಾನೇ ಹೇಳುತ್ತೇನೆ, ಬಾಗಿಲು ತೆಗೆದು...