ಸಾವಿರ ಜನ ಸಾಕ್ಷಿ

ಮನೆಯಿಂದ, ಮಾರ್ಚ್ ಹದಿಮೂರು, ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀ? ನಿನ್ನ ಸೊಂಟನೋವು ಲ್ಯಾಬಿನ ಸ್ಟೂಲು ಬಿಟ್ಟು ಇಳಿಯಿತೋ, ಇಲ್ಲ ನಿನಗಿಂತ ಮೊದಲೇ ಅದಕ್ಕೆ ಅಲ್ಲಿ ಕಾಯಂ ಕೆಲಸವಾಯಿತೋ? ಹೊತ್ತಿಗೆ ಸರಿಯಾಗಿ, ಕೂತು ಉಣ್ಣು. ನಿಂತು ಉಂಡದ್ದು ಹೊಟ್ಟೆಗೆ ಗೊತ್ತಾಗುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದಳಲ್ಲ. ಫೋನು ಮಾಡಿದರೆ ‘ಮೀಟಿಂಗಲ್ಲಿದೀನಿ ಕಣೋ’ ಅನ್ನುತ್ತೀ. ಕಾಗದಕ್ಕೆ ಮೀಟಿಂಗು ಗೊತ್ತಿಲ್ಲ, ಅದಕ್ಕೇ ಇದು. ನಾಳೆ ನಿನ್ನ ಊರಿಗೆ ಹೊರಟಿರುವ ನಿನ್ನ ಹಳೆಯ ವಿದ್ಯಾರ್ಥಿನಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ನಾನು ಎಂದಿನಂತೆ ಅಂಗಡಿಗಳಿಗೆ ಬೋರ್ಡು ಬರೆದು, ಕೇಳದವರಿಗೂ ಒಂದು ಪ್ರಾಸ ಸೇರಿಸಿ ಬೈಸಿಕೊಳ್ಳುತ್ತಿದ್ದೇನೆ. ಅಪ್ಪನಿಗೆ ದಿನ ಬಿಟ್ಟು ದಿನ ಡಯಾಲಿಸಿಸ್. ಊಟದಲ್ಲಿ ಉಪ್ಪಿಲ್ಲ, ಮಾತಿನಲ್ಲಿ ತಪ್ಪಿಲ್ಲ. ಎಡಗೈ ಊದಿ ಗಂಟುಗಂಟಾಗಿದೆ. ಬಟ್ಟೆಗೆ ಚುಚ್ಚಿದ ಸೂಜಿಯೆಲ್ಲ ದರ್ಜಿಗೇ ವಾಪಸು ಬರುತ್ತಿದೆ ಅನ್ನುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಕೇಳುವುದು ಒಂದೇ: ‘ಎಷ್ಟಾಯ್ತೋ?’ ಬಿ.ಪಿ. ಅಲ್ಲ, ಸಕ್ಕರೆಯೂ ಅಲ್ಲ. ನಿನ್ನ ಕಿಡ್ನಿ ಪ್ರಬಂಧವನ್ನು ಬೇರೆ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ಲೆಕ್ಕ. ನಾನು ಮೊಬೈಲಿನಲ್ಲಿ ನೋಡಿ ಹೇಳಬೇಕು. ಸಾವಿರ ದಾಟಿದ ದಿನ ನರ್ಸುಗಳಿಗೆಲ್ಲ ಸಿಹಿ ಹಂಚಿಸಿದರು. ತಾವು ತಿನ್ನುವಂತಿಲ್ಲವಲ್ಲ, ಖಾಲಿ ಡಬ್ಬಿಯನ್ನು ಮೂಸಿ ನೋಡಿ ಮುಚ್ಚಿಟ್ಟರು.

ಹೋದ ವಾರ, ಈ ಕಾಗದ ತರುವ ಆ ಹುಡುಗಿಯೇ ಮನೆಗೆ ಬಂದು, ಅಪ್ಪ ಮಲಗಿದ್ದಾಗ, ನನ್ನ ಹತ್ತಿರ ಎಲ್ಲ ಹೇಳಿದಳು. ನಿನ್ನ ಪ್ರಬಂಧಕ್ಕೆ ಬಳಸಿದ ಕೋಶಗಳಲ್ಲಿ ಫ್ರೀಜರಿನಲ್ಲಿ ಉಳಿದಿದ್ದವನ್ನು ತೆಗೆದು ಡಿ.ಎನ್.ಎ. ಪರೀಕ್ಷೆ ಮಾಡಿಸಿದಳಂತೆ. ಚೀಟಿಯ ಮೇಲೆ ಕಿಡ್ನಿ, ಒಳಗೆ ಯಾವುದೋ ಕ್ಯಾನ್ಸರ್ ಗಡ್ಡೆ. ಗಡ್ಡೆಯ ಕೋಶಗಳು ಬಲು ಚುರುಕಂತೆ. ಒಂದು ಹನಿ ಪಕ್ಕದ ತಟ್ಟೆಗೆ ಬಿದ್ದರೆ ಸಾಕು, ಬಾಡಿಗೆಗೆ ಬಂದವನು ಮನೆಯ ಯಜಮಾನನನ್ನೇ ಹೊರದಬ್ಬಿದ ಹಾಗೆ ಎಲ್ಲವನ್ನೂ ಆಕ್ರಮಿಸುತ್ತವಂತೆ. ಅಂದರೆ, ಸೋತ ಕಿಡ್ನಿಯನ್ನು ಚಿಗುರಿಸುತ್ತದೆ ಎಂದು ನೀನು ಬರೆದ ಆ ವಸ್ತು ಚಿಗುರಿಸಿದ್ದು ಗಡ್ಡೆಯನ್ನು. ಇದನ್ನು ನಿನಗೂ ಹೇಳಿದಳಂತೆ. ‘ಸೆಲೆಕ್ಷನ್ ಮುಗೀಲಿ, ಆಮೇಲೆ ನೋಡೋಣ ಅಂದ್ರು ಮೇಡಂ’ ಅಂದಳು. ಅಕ್ಕಾ, ಕಾಯಂ ಹುದ್ದೆಗಾಗಿ ನೀನು ಎಷ್ಟು ವರ್ಷದಿಂದ ಕಾದಿದ್ದೀ ಅಂತ ನನಗೆ ಗೊತ್ತು. ಹುದ್ದೆ ಕೊಡುವವರೂ ಅಪ್ಪನ ‘ಎಷ್ಟಾಯ್ತೋ’ ಪ್ರಶ್ನೆಯನ್ನೇ ಕೇಳುತ್ತಾರೆ ಅನ್ನುವುದೂ ಗೊತ್ತು.

ಅವಳು ಹೋದ ಮೇಲೆ, ನಿನ್ನನ್ನು ಉಲ್ಲೇಖಿಸಿದವರನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಕನ್ನಡ ಮೀಡಿಯಮ್ಮಿನ ಬಿ.ಎ.ಗೆ ದಕ್ಕಿದಷ್ಟು. ಯಾರೂ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಂತಿಲ್ಲ. ಒಬ್ಬ ಬರೆದ ಸಾಲನ್ನೇ ಇನ್ನೊಬ್ಬ ಬರೆದಿದ್ದಾನೆ. ನಮ್ಮ ಬೀದಿಯಲ್ಲಿ ಒಬ್ಬ ‘ನಮಗೆ ಬೇರೆಲ್ಲೂ ಶಾಖೆಗಳಿಲ್ಲ’ ಅಂತ ಬರೆಸಿದ ಮೇಲೆ, ಮೂರು ಶಾಖೆ ಇದ್ದವನೂ ಬಂದು ಅದನ್ನೇ ಬರೆಸಿದನಲ್ಲ, ಹಾಗೆ. ನೋಡಿದವರು ಒಬ್ಬರಿಲ್ಲ, ಹಾಡಿದವರು ಸಾವಿರ.

ಇದಿಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಅಪ್ಪನ ಆಸ್ಪತ್ರೆಯಲ್ಲಿ ಕೆಲವು ರೋಗಿಗಳ ಮೇಲೆ ಹೊಸ ಔಷಧಿ ಪ್ರಯೋಗ ಮಾಡುತ್ತಾರಂತೆ. ಅದೇ ವಸ್ತು, ಆಧಾರ ನಿನ್ನ ಪ್ರಬಂಧ. ಡಾಕ್ಟರು ವಿವರಿಸಿ ಮುಗಿಸುವ ಮೊದಲೇ ಅಪ್ಪ ಅದು ತಮ್ಮ ಮಗಳು ಬರೆದದ್ದು ಎಂದು ಹೇಳಿ ಹೆಸರು ಕೊಟ್ಟು ಬಂದಿದ್ದಾರೆ. ಯಾರನ್ನು ತೆಗೆದುಕೊಳ್ಳುತ್ತಾರೆ ಅಂತ ಮುಂದಿನ ತಿಂಗಳು ತಿಳಿಯುತ್ತದಂತೆ. ನಾನು ಡಾಕ್ಟರಿಗೆ ಎಲ್ಲ ಹೇಳಿದೆ. ಕೆಟ್ಟವರಲ್ಲ, ತಾಳ್ಮೆಯಿಂದ ಕೇಳಿಸಿಕೊಂಡರು. ‘ನಿಮ್ಮ ಮಾತು ಕೇಳಿ ನಿಲ್ಸೋಕಾಗಲ್ಲ. ಬರೆದವರು ಒಂದು ಸಾಲು ಹೇಳ್ಲಿ, ಅವತ್ತೇ ನಿಲ್ಲಿಸ್ತೀನಿ’ ಅಂದರು.

ಅಪ್ಪನಿಗೂ ಹೇಳಿ ನೋಡಿದೆ. ನಕ್ಕರು. ‘ಅವಳಿಗೆ ಸಾವಿರ ಜನ ಸಾಕ್ಷಿ ಹೇಳಿದಾರೆ. ನಿನ್ನ ಬೋರ್ಡಿಗೆ ಒಬ್ಬನಾದ್ರೂ ಹೇಳಿದಾನೇನೋ?’ ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಕೊಂಡೇ ಹೇಳಿದರು: ‘ತಪ್ಪಾಗಿದ್ರೆ ಅವಳೇ ನನಗೆ ಹೇಳ್ತಿರಲಿಲ್ವೇನೋ.’

ನಿನ್ನನ್ನು ಬೈಯುವ ಯೋಗ್ಯತೆ ನನಗಿಲ್ಲ, ಮನಸ್ಸೂ ಇಲ್ಲ. ಪ್ರಬಂಧವನ್ನು ವಾಪಸು ತೆಗೆದುಕೋ, ಅದರಿಂದ ಹುದ್ದೆ ತಪ್ಪಿದರೆ ಇಲ್ಲಿಗೇ ಬಂದುಬಿಡು. ಬಣ್ಣದ ಡಬ್ಬಿಗಳ ನಡುವೆ ಜಾಗವಿದೆ, ಇಲ್ಲಿ ಸೆಲೆಕ್ಷನ್ ಇಲ್ಲ.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಆರೋಗ್ಯ ನೋಡಿಕೋ.

ನಿನ್ನ ತಮ್ಮ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಮುಂದಿನ ತಿಂಗಳಲ್ಲ ಅಕ್ಕಾ, ಸೋಮವಾರ ಬೆಳಗ್ಗೆಯೇ ಔಷಧಿ ಶುರು. ನಿನಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಇದು ಶನಿವಾರ ನಿನ್ನ ಕೈ ಸೇರುತ್ತದೆ. ಡಾಕ್ಟರ ನಂಬರು ಲಕೋಟೆಯ ಹಿಂದೆ ಇದೆ. ಅಪ್ಪ ಆಗಲೇ ಬಿಳಿ ಅಂಗಿ ಇಸ್ತ್ರಿ ಮಾಡಿ ನೇತುಹಾಕಿದ್ದಾರೆ. ನಿನಗೆ ಹೀಗೇ ಬರೆ ಎಂದು ಪಕ್ಕದಲ್ಲೇ ನಿಂತು ಹೇಳುತ್ತಿದ್ದಾರೆ: ‘ಮೊದಲು ನನಗೇ ಕೊಡ್ತಾರಂತೆ ಮಗಳೇ. ನಿನ್ನ ಕೈಗುಣ ಹೇಗಿದೆ ಅಂತ ನಾನೇ ನೋಡಿ ಹೇಳ್ತೀನಿ.’