ಮೆಟ್ಟಿಲಿಗೆ ಬಂದ ಹೆಸರು

೧೯ ನವೆಂಬರ್ ೧೯೯೬, ಮಂಗಳವಾರ, ಗುಂಡ್ಲುಪೇಟೆ

ತಿಂಗಳಿಂದ ಎದೆಯ ಮೇಲಿದ್ದ ಭಾರ ಇವತ್ತು ಇಳಿಯಿತು.

ಹಳೆಯ ಅರಿಸಿನ ಮಂಡಿಯನ್ನು ಸಮುದಾಯ ಭವನ ಮಾಡಲು ಓಡಾಡುತ್ತಿದ್ದ ನನಗೆ ಶಾಂತಮಲ್ಲಪ್ಪನವರು ಚಾವಣಿಯ ಖರ್ಚು ಕೊಡುತ್ತೇನೆಂದಿದ್ದರು. ಒಂದೇ ಷರತ್ತು, ಬಾಗಿಲ ಮೇಲೆ ಅವರ ತಂದೆಯ ಹೆಸರಿರಬೇಕು. ಮಂಡಿಯ ಯಜಮಾನರಾಗಿದ್ದ ಆ ತಂದೆ ಅದೇ ಬಾಗಿಲಲ್ಲಿ ನಿಂತು, ಕೇರಿಯವರನ್ನು ಒಳಗೆ ಬಿಡದೆ, ಕೂಲಿಯನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಆ ಅಂಗಳದಲ್ಲೇ ಅರಿಸಿನ ಆರಿಸಿ ಬೆಳೆದ ಕೇರಿಯ ಪುಟ್ಟಮಾದಮ್ಮ, "ಆ ಎಸ್ರಿನ ಕೆಳಗೆ ತಲೆ ಬಗ್ಗುಸ್ಕಂಡು ನಾವ್ ಒಳಕ್ ಬರಾಕಿಲ್ಲ ಕಣ್ರವ್ವ" ಎಂದಿದ್ದಳು. ಹೆಸರಿಲ್ಲದೆ ಚಾವಣಿಯಿಲ್ಲ, ಹೆಸರಿದ್ದರೆ ಜನರಿಲ್ಲ.

ಸಂಜೆ ಶಾಂತಮಲ್ಲಪ್ಪನವರನ್ನು ಮತ್ತೆ ಕೇಳಲು ಹೋದಾಗ ಅವರ ತಾಯಿ ದೊಡ್ಡಮಲ್ಲಮ್ಮ ಬಂದು ಕೂತರು.

"ದೇವ್ರ ಬೆಟ್ಟದ ಮೆಟ್ಲಿಗೆ ಹೆಸ್ರು ಕೆತ್ತುಸ್ತಾರಲ್ಲ, ನಾಕ್ ಜನದ ಕಾಲ್ ಧೂಳು ಬಿದ್ದು ಪಾಪ ಕಳೀಲಿ ಅಂತ. ನಿಮ್ಮಪ್ಪಂದೂ ಮೆಟ್ಲಿಗೇ ಹಾಕ್ಸು ಕಣಪ್ಪ. ಅವ್ರಿಗೆ ಅದೇ ಬೇಕಾಗಿರದು."

ಮಗ, "ಆಯ್ತು ಬುಡವ್ವ" ಎಂದರು.

ಬರುವಾಗ ಪುಟ್ಟಮಾದಮ್ಮನಿಗೆ ಹೇಳಿದೆ. "ಅಂಗಾರೆ ದಿನಾ ಎರಡ್ ಸಲ ಬತ್ತೀನಿ" ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಮೊದಲ್ನೇ ದಿನ ಮಾತ್ರ ತುಳೀದಂಗೆ ದಾಟ್ಕಂಡು ಬತ್ತೀನಿ ಕಣ್ರವ್ವ. ಸತ್ತೋರಲ್ವ."

ಓದಲೆಂದು ತೆಗೆದ ಕವನಗಳ ಪುಸ್ತಕ ತೊಡೆಯ ಮೇಲೇ ಇದೆ. ಇವತ್ತಿಗೆ ಪುಟ್ಟಮಾದಮ್ಮನ ಆ ಮಾತೇ ಸಾಕು. ಕಣ್ಣು ಎಳೆಯುತ್ತಿದೆ.