ಇಳಿಜಾರಿನಲ್ಲಿ ನಲ್ಲಿ ಮುಚ್ಚಬೇಡಿ

ಮನಿಕರಾಗ್ವಾ
15 ಮೇ 1993, ಶನಿವಾರ

ನನ್ನ ಮುದ್ದು ಮಿಗ್ದಾಲಿಯಾ,

ನಿನ್ನ ಕಾಲಿನ ಬಾವು ಇಳಿದಿದೆಯೇ? ಉಪ್ಪು ಕಡಿಮೆ ಮಾಡು ಅಂದಿದ್ದೆ, ಮಾಡಿದೆಯೋ ಇಲ್ಲವೋ. ನಿನ್ನ ಅತ್ತೆ ಕರಿದಾದ್ ಅವರ ಉಬ್ಬಸ ಹೇಗಿದೆ? ಬೆಟ್ಟದ ಮಂಜು ಅವರಿಗೆ ಆಗುವುದಿಲ್ಲ, ಬೆಳಿಗ್ಗೆ ಬೇಗ ಹೊರಗೆ ಬಿಡಬೇಡ. ಪುಟ್ಟಿ ಯುನೆಯ್ಸಿಗೆ ಮುಂದಿನ ಹಲ್ಲು ಬಂತೇ? ನಿನ್ನ ಗಂಡನ ಆರೋಗ್ಯ ಮಾತ್ರ ನಾನು ಕೇಳುವುದಿಲ್ಲ. ಓಸ್ಮೆಲ್ ನಿನ್ನೆ ಮಧ್ಯಾಹ್ನ ನನ್ನ ಬಾಗಿಲಿಂದಲೇ ಹೊರಟ. ಈ ಹೊತ್ತಿಗೆ ನಿನ್ನೆದುರು ಕೂತು ಕಾಫಿ ಕುಡಿಯುತ್ತಿರಬೇಕು. ಹೋಗುವಾಗ ಏರೇ ಹೆಚ್ಚು. ತಲುಪಿಯೇ ಇರುತ್ತಾನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ಅವನ ರಿಕಿಂಬಿಲಿಯ, ಆ ಎಂಜಿನ್ ಸೈಕಲ್ಲಿನ, ಹಿಂದೆ ಕೂತು ನೀನು ಕೆಳಗೆ ಬರಬೇಡ. ಅವನು ಎಷ್ಟೇ ಕರೆಯಲಿ, ಕೂರಬೇಡ. ಯಾಕೆಂದು ಬರೆಯುತ್ತೇನೆ, ನಿಧಾನವಾಗಿ ಓದು, ಅವನಿಗೂ ಓದಿ ಹೇಳು.

ಆ ಸೈಕಲ್ಲಿಗೆ ಅವನು ಕೂರಿಸಿದ್ದು ಸೊಳ್ಳೆಗೆ ಹೊಗೆ ಹೊಡೆಯುವ ಯಂತ್ರದ ಎಂಜಿನ್ ಎಂಬುದು ನಿನಗೆ ಗೊತ್ತೇ ಇದೆ. ಹಿಂದಿನ ಟೈರಿಗೆ ಒಂದು ಉರುಳೆ ಒತ್ತಿಕೊಂಡು ತಿರುಗುತ್ತಿತ್ತು, ಅಷ್ಟೇ. ಒಬ್ಬನನ್ನು ಹೊತ್ತೇ ದಾರಿ ನಡುವಿನ ಗುಡ್ಡ ಹತ್ತಲಾರದೆ ಕೆಮ್ಮುತ್ತಿತ್ತು. ನಿನಗೆ ದಿನ ಹತ್ತಿರ ಬಂದಿದೆ, ಆಂಬುಲೆನ್ಸಿಗೆ ಪೆಟ್ರೋಲ್ ಇಲ್ಲ, ನಿನ್ನನ್ನು ಹೆರಿಗೆಯ ತನಕ ನೋಡಿಕೊಳ್ಳುವ ಇಲ್ಲಿಯ ಬಸುರಿಯರ ಮನೆಗೆ ತಂದು ಸೇರಿಸಲೇಬೇಕು ಎಂದು ಅವನು ನನ್ನ ಬೆನ್ನು ಹತ್ತಿದ. “ಚಿಕ್ಕಮ್ಮ, ಹೊಲಿಗೆ ಮಷಿನ್‌ಗೆಲ್ಲಾ ಜೀವ ತುಂಬ್ತೀಯ, ಇದಕ್ಕೊಂದಿಷ್ಟು ಕಸುವು ಕೊಡೋಕಾಗಲ್ವಾ?” ಅಂದ. ಬೀದಿಯವರೋ ಬಾಯಿಗೆ ಬಂದಂತೆ ಅಂದರು: “ನೋಡ್ರೋ, ಸೊಳ್ಳೆ ಓಡಿಸೋ ಮಷಿನ್ನಲ್ಲಿ ಹೆಂಡ್ತೀನ ಕರ್ಕೊಂಡು ಬರ್ತಾನಂತೆ!”

ನನಗೆ ಯಾರು ಕಲಿಸಿದ್ದಾರೆ ಹೇಳು? ಕೈ ಹೇಳಿದ ಹಾಗೆ ಮಾಡಿದೆ. ಎಂಜಿನ್ನಿನ ತಲೆಯನ್ನು ಗಾಜಿನ ಮೇಲೆ ಮರಳುಕಾಗದ ಹಾಸಿ, ಸೀಮೆಎಣ್ಣೆ ಬಿಟ್ಟು, ಕನ್ನಡಿಯಾಗುವ ತನಕ ತಿಕ್ಕಿದೆ. ಜಾಗ ಕಿರಿದಾದಷ್ಟೂ ಒಳಗಿನ ಒತ್ತಡ ಏರುತ್ತದೆ. ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಅಕ್ಕಿಕಾಳಿನ ದಪ್ಪದಷ್ಟು ಮೇಲಕ್ಕೆ ಬಿಡಿಸಿದೆ. ಎಣ್ಣೆ ಡಬ್ಬಿಯ ತಗಡು ಸುತ್ತಿ, ಮೊಟ್ಟೆ ತುಂಬಿದ ಮೀನಿನ ಹೊಟ್ಟೆಯಂಥ ಹೊಗೆ ಕೊಳವೆ ಬೆಸೆದೆ. ಚಾಲೂ ಮಾಡಿದಾಗ ಪಕ್ಕದ ಮನೆಯ ಕೋಳಿಗಳೆಲ್ಲ ಮಾಡಿಗೆ ಹಾರಿದವು. ಓಸ್ಮೆಲ್ ಒಂದು ಸುತ್ತು ಹೊಡೆದು ಬಂದು, “ಚಿಕ್ಕಮ್ಮ, ಇದು ದೆವ್ವ!” ಎಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. ಆಗ ನಾನೂ ನಕ್ಕೆ.

ಅಷ್ಟು ಶಕ್ತಿಗೆ ಉರುಳೆ ಜಾರತೊಡಗಿತು. ಟೈರು ತುಂಡು ತುಂಡಾಗಿ ಕಿತ್ತು ಬಂತು. ಹಾಗಾಗಿ ಉರುಳೆ ಬಿಚ್ಚಿ, ಎಂಜಿನ್ನಿನಿಂದ ಹಿಂದಿನ ಗಾಲಿಗೆ ನೇರ ಚೈನ್ ಎಳೆದೆ. ಕ್ಲಚ್ ಎಲ್ಲಿಂದ ತರಲಿ? ಇಲ್ಲದೆಯೇ ಕಟ್ಟಿದೆ. ತಳ್ಳಿಕೊಂಡು ಓಡು, ಹತ್ತು, ಹೋಗು.

ಇದಕ್ಕೂ ಮೊದಲು ಇಂಥದ್ದೇ ಒಂದನ್ನು ನಮ್ಮ ಬೀದಿಯ ಫೆರ್ಮೀನ್‌ಗೆ ಮಾಡಿಕೊಟ್ಟಿದ್ದೆ, ತಂಬಾಕು ಸಾಗಿಸುತ್ತಾನಲ್ಲ, ಅವನೇ. ಇವತ್ತು ಬೆಳಿಗ್ಗೆ ಅವನು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಬಂದ. ಎಂಜಿನ್ನನ್ನು ಗೋಣಿಚೀಲದಲ್ಲಿ ಹೊತ್ತು ತಂದು ನನ್ನ ಬೆಂಚಿನ ಮೇಲಿಟ್ಟ. “ಸೆನೈದಾ, ನಿನ್ನ ಎಂಜಿನ್‌ಗೆ ಬ್ರೇಕೇ ಬೇಡ ಕಣಮ್ಮ, ಅದೇ ನಿಂತ್ಬಿಡತ್ತೆ. ಮನುಷ್ಯ ಮಾತ್ರ ಮುಂದಕ್ಕೆ ಹೋಗ್ತಾನೆ,” ಎಂದು ತಮಾಷೆ ಮಾಡಿದ. ಭುಜದ ಎಲುಬು ಮುರಿದಿದೆ, ಬೇರೇನಿಲ್ಲ.

ಬಿಚ್ಚಿ ನೋಡಿದೆ. ಪಿಸ್ಟನ್ನು ಕರಗಿ ಸಿಲಿಂಡರಿನ ಗೋಡೆಗೆ ಅಂಟಿತ್ತು. ಒಳಗೆ ಒಂದು ತೊಟ್ಟು ಎಣ್ಣೆಯಿಲ್ಲ. “ಎಣ್ಣೆ ಬೆರೆಸಿರಲಿಲ್ವೇನಯ್ಯಾ?” ಎಂದು ಬೈದೆ. “ಬೆರೆಸಿದ್ದೆ ಕಣೇ. ಇಳಿಜಾರಲ್ಲಿ ಪೆಟ್ರೋಲ್ ನಲ್ಲಿ ಮುಚ್ಚಿದ್ದೆ, ಅಷ್ಟೇ. ಎಲ್ರೂ ಮುಚ್ತಾರಲ್ಲ,” ಅಂದ.

ಮಗಳೇ, ಆಗ ನನಗೆ ಹೊಳೆಯಿತು. ಈ ಎಂಜಿನ್ನಿಗೆ ಬೇರೆ ಎಣ್ಣೆಯಿಲ್ಲ, ಪೆಟ್ರೋಲಿನಲ್ಲಿ ಬೆರೆತು ಬಂದದ್ದೇ ಎಣ್ಣೆ. ಇಳಿಜಾರು ಬಂತೆಂದರೆ ಪೆಟ್ರೋಲ್ ಉಳಿಸಲು ನಲ್ಲಿ ಮುಚ್ಚುವುದು ನಮ್ಮವರೆಲ್ಲರ ಅಭ್ಯಾಸ. ಉರುಳೆ ಇದ್ದಾಗ ಅದರಿಂದ ತೊಂದರೆ ಇರಲಿಲ್ಲ, ಉರುಳೆ ಎತ್ತಿದರೆ ಎಂಜಿನ್ ಸುಮ್ಮನೆ ಮಲಗುತ್ತಿತ್ತು. ಈಗ ಚೈನು ಬಿಡುವುದಿಲ್ಲ. ಗಾಲಿ ಎಂಜಿನ್ನನ್ನು ಒಣಗಿದ ಗಂಟಲಲ್ಲೇ ಎಳೆದುಕೊಂಡು ಹೋಗುತ್ತದೆ, ಅದು ಹಿಡಿದು ನಿಲ್ಲುವ ತನಕ. ನಿಂತರೆ ಗಾಲಿಯೂ ನಿಲ್ಲುತ್ತದೆ. ಓಸ್ಮೆಲ್‌ಗೆ ಚೈನಿನ ಬಿಗಿ ಹೇಳಿದೆ, ಎಣ್ಣೆಯ ಅಳತೆ ಹೇಳಿದೆ, ಬ್ರೇಕಿನ ರಬ್ಬರು ಬದಲಾಯಿಸಿಕೊಟ್ಟೆ. ನಲ್ಲಿಯ ಮಾತು ನನ್ನ ತಲೆಗೇ ಬರಲಿಲ್ಲ.

ನಿಮ್ಮ ಊರಿಂದ ಇಲ್ಲಿಗೆ ಬರುವ ದಾರಿ ನಡುವಿನ ಗುಡ್ಡವೊಂದು ಬಿಟ್ಟರೆ ಇಳಿಜಾರೇ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ನಿನ್ನನ್ನು ಹಿಂದೆ ಕೂರಿಸಿಕೊಂಡವನು ಇನ್ನಷ್ಟು ಹುಷಾರಾಗಿ ಪೆಟ್ರೋಲ್ ಉಳಿಸುತ್ತಾನೆ, ವಾಪಸು ಹೋಗಲು ಬೇಕಲ್ಲ ಎಂದು. ಅವನ ಬುದ್ಧಿ ನನಗೆ ಗೊತ್ತು.

ನಿಮ್ಮ ಹಿಬಕೋವಾದ ಫೋನ್ ತಂತಿ ಸತ್ತಿದೆ. ಕಾಫಿ ಲಾರಿಯ ವಿಲ್ಫ್ರೆಡೋ ನಾಳೆ ಮೇಲಕ್ಕೆ ಬರುತ್ತಾನಂತೆ, ಈ ಕಾಗದ ಅವನ ಕೈಯಲ್ಲಿ ಕೊಡುತ್ತೇನೆ. ನೀನು ಅದೇ ಲಾರಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ಬಾ. ಓಸ್ಮೆಲ್ ಎಂಜಿನ್ನಿನ ಚೈನು ಕಳಚಿ, ಬರೀ ಸೈಕಲ್ಲಿನಂತೆ ತುಳಿದುಕೊಂಡು ಬರಲಿ. ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ, ಕೋಳಿಸಾರಿಗೆಂದು ಒಂದು ಹುಂಜ ಎತ್ತಿಟ್ಟಿದ್ದೇನೆ.

ನಿನ್ನ ತಾಯಿ ಇದ್ದಿದ್ದರೆ ಏನು ಹೇಳುತ್ತಿದ್ದಳೋ ಅದನ್ನೇ ಹೇಳುತ್ತಿರುವ
ನಿನ್ನ ಚಿಕ್ಕಮ್ಮ
ಸೆನೈದಾ

ಮತ್ತೆ ಬರೆದದ್ದು, ಭಾನುವಾರ ಸಂಜೆ: ಲಾರಿಗೆ ಇವತ್ತು ಪೆಟ್ರೋಲ್ ಬರಲಿಲ್ಲ. ನಾಳೆ ಬೆಳಿಗ್ಗೆ ಹೊರಡುತ್ತಾನಂತೆ, ನೀವೂ ಹೊರಡುವ ಹೊತ್ತಿಗೇ. ಪೊಲೀಸ್ ಠಾಣೆಗೂ ಹೋಗಿ ಬಂದೆ. ರಿಕಿಂಬಿಲಿ ಕಟ್ಟುವವಳು ನಾನೇ, ನನ್ನ ಸಾಮಾನೆಲ್ಲ ಎತ್ತಿಕೊಂಡು ಹೋಗಿ, ದಾರಿಯಲ್ಲಿ ಅವರನ್ನು ತಡೆಯಿರಿ ಎಂದೆ. “ಅಜ್ಜಿ, ನಮ್ಮ ಜೀಪಿಗೇ ಪೆಟ್ರೋಲ್ ಇಲ್ಲ,” ಅಂದರು. ಎದುರಿಗೆ ನೀವು ಕಂಡರೆ ರಸ್ತೆಗೆ ಲಾರಿ ಅಡ್ಡ ನಿಲ್ಲಿಸು ಎಂದು ವಿಲ್ಫ್ರೆಡೋಗೆ ಹೇಳಿದ್ದೇನೆ. ಇದನ್ನು ನೀನು ರಸ್ತೆ ಬದಿಯಲ್ಲಿ ಓದುತ್ತಿದ್ದರೆ, ಆ ಸೈಕಲ್ಲಿನ ಮೇಲೆ ಇನ್ನೊಂದು ತಿರುವಿನಷ್ಟೂ ಕೂರಬೇಡ.

ನೀನು ಗರ್ಭಿಣಿ, ಹೆದರಬಾರದೆಂದು ಮೇಲೆ ಒಂದು ಮಾತು ಮುಚ್ಚಿಟ್ಟೆ. ಫೆರ್ಮೀನ್ ಒಬ್ಬನೇ ಇರಲಿಲ್ಲ. ಹಿಂದೆ ಅವನ ಹೆಂಡತಿ ಯುಲಾಲಿಯಾ ಕೂತಿದ್ದಳು. ತಮಾಷೆ ಮಾಡಿದ ಅಂತ ಬರೆದೆನಲ್ಲ, ಅಷ್ಟು ಹೇಳಿ ಅವನು ನನ್ನ ಬೆಂಚಿನ ಮೇಲೆ ತಲೆಯಿಟ್ಟು ಅತ್ತ. ಅವಳು ಇನ್ನೂ ಕಣ್ಣು ಬಿಟ್ಟಿಲ್ಲ. ನೀನು ಬರಲಾಗದಿದ್ದರೆ, ಲಾರಿ ವಾಪಸು ಬರುವಾಗ ಎರಡೇ ಸಾಲಾದರೂ ಬರೆದು ಕಳಿಸು ಮಗಳೇ, ನಿನ್ನ ಕೈಬರಹದಲ್ಲೇ. ಬೇಗ ಬರೆ.